ಶಾಲೆಯ ಬೇಲಿಗೆ ಹತ್ತಡಿ ಶಂಖಪುಷ್ಪ

ನಾಡಿನ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ವಿಜ್ಞಾನ ಶಿಕ್ಷಕ, ಶಿಕ್ಷಕಿಯರಿಗೆ,



ನಿಮ್ಮ ತಲೆಯ ಮೇಲಿರುವ ಹೊರೆ ನನಗೆ ಗೊತ್ತು. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಇವುಗಳ ನಡುವೆ ದಿನಕ್ಕೊಂದು ನಮೂನೆಯ ಮಾಹಿತಿ ತುಂಬಿ ಕಳಿಸುವ ಕೆಲಸ. ಅದೇ ಕುರ್ಚಿಯಲ್ಲಿ ಕೂತು ಎದ್ದು ಬಂದವನು ನಾನು. ಹಾಗಾಗಿ ನಿವೃತ್ತಿಯಾದ ಮೇಲೆ ಈ ಮನುಷ್ಯ ಇನ್ನೊಂದು ‘ಕಾರ್ಯಕ್ರಮ’ ಹೊತ್ತು ತಂದ ಅಂದುಕೊಳ್ಳಬೇಡಿ. ನಾನು ಕೇಳುತ್ತಿರುವುದಕ್ಕೆ ವರದಿ ಬೇಕಿಲ್ಲ, ಫೋಟೊ ಹಾಕಬೇಕಿಲ್ಲ, ಅನುದಾನವಂತೂ ಬೇಡವೇ ಬೇಡ. ಶಾಲೆಯ ಬೇಲಿಯಲ್ಲಿ ಹತ್ತಡಿ ಜಾಗ, ಒಂದು ಹಿಡಿ ಬೀಜ, ಮೊದಲೊಂದು ತಿಂಗಳು ನೀರು ಹಾಕುವುದಕ್ಕೆ ನಾಲ್ಕು ಮಕ್ಕಳು. ಇಷ್ಟಿದ್ದರೆ ಸಾಕು.

ಬೆಳೆಸಿ ಎಂದು ಕೇಳುತ್ತಿರುವುದು ಶಂಖಪುಷ್ಪದ ಬಳ್ಳಿಯನ್ನು. ಕಳ್ಳಿ ಸಾಲಿನ ಮೇಲೆ, ಬಿದ್ದ ಗೋಡೆಯ ಮೇಲೆ, ಹೊಲದ ಬದುವಿನ ಮುಳ್ಳುಕಂಟಿಯಲ್ಲಿ ಯಾರೂ ಬಿತ್ತದೆ ಹಬ್ಬಿಕೊಂಡು ಕಡುನೀಲಿ ಹೂ ಬಿಡುವ ಬಳ್ಳಿ. ಬಿಳಿ ಹೂವಿನದೂ ಉಂಟು. ಬೆಳಗಿನ ಪೂಜೆಗೆಂದು ಅಜ್ಜಿಯಂದಿರು ಬೇಲಿಗೆ ಕೈ ಹಾಕಿ ಕೊಯ್ಯುತ್ತಿದ್ದ ಹೂ ಇದು. ತೊಗರಿ, ಅವರೆ, ಹೆಸರು, ಶೇಂಗಾ ಎಲ್ಲ ಇದರ ಬಳಗ. ಬಟಾಣಿಯೂ ಇದೇ ಮನೆತನ. ಪುಸ್ತಕದಲ್ಲಿ ಕ್ಲಿಟೋರಿಯ ಟರ್ನೇಟಿಯ ಎಂದಿರುತ್ತದೆ. ಇಂಡೋನೇಷ್ಯದ ಟರ್ನೇಟ್ ದ್ವೀಪದ ಹೆಸರನ್ನು 1753ರಲ್ಲಿ ಲಿನೇಯಸ್ ಇದಕ್ಕೆ ಅಂಟಿಸಿದ. ನಮ್ಮ ಬೇಲಿಗೆ ಆ ಸಂಗತಿ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ನೂರು ಗಿಡಗಳಿರುವಾಗ ಇದೇ ಯಾಕೆ ಎಂದು ನೀವು ಕೇಳಬಹುದು. ಮುಖ್ಯ ಕಾರಣ ನಮ್ಮ ಬೇಸಿಗೆ ರಜೆ. ಶಾಲೆಯ ಕೈತೋಟಗಳನ್ನು ಕೊಲ್ಲುವುದು ಹೆಚ್ಚಾಗಿ ಏಪ್ರಿಲ್ ಮತ್ತು ಮೇ. ಜೂನ್‌ನಲ್ಲಿ ಹುರುಪಿನಿಂದ ಹಾಕಿದ ಬೆಂಡೆ, ಟೊಮೆಟೊ ವರ್ಷದ ಕೊನೆಗೆ ಹೇಗೂ ಮುಗಿದಿರುತ್ತವೆ. ಉಳಿದ ಹೂಗಿಡಗಳು ಗೇಟಿಗೆ ಬೀಗ ಬಿದ್ದ ಮೇಲೆ ನೀರಿಲ್ಲದೆ ಸುಟ್ಟು ಹೋಗುತ್ತವೆ. ಮತ್ತೆ ಜೂನ್, ಮತ್ತೆ ಗುದ್ದಲಿ. ಎರಡು ಮೂರು ವರ್ಷ ಹೀಗಾದರೆ ಎಂಥ ಉತ್ಸಾಹಿ ಶಿಕ್ಷಕರಿಗೂ ಬೇಸರ ಬರುತ್ತದೆ. ಶಂಖಪುಷ್ಪ ಬಹುವಾರ್ಷಿಕ. ಅದರ ತಾಯಿಬೇರು ಆಳಕ್ಕೆ ಇಳಿಯುತ್ತದೆ. ನಾನಿದ್ದ ಶಾಲೆಯ ಬೋರ್‌ವೆಲ್ ಕೈಕೊಟ್ಟ ವರ್ಷ ಬೇಲಿಯ ಬಳ್ಳಿ ಎಲೆಯೆಲ್ಲ ಉದುರಿಸಿ ಒಣ ಹಗ್ಗದಂತೆ ತಂತಿಗೆ ಜೋತುಬಿದ್ದಿತ್ತು. ಸತ್ತಿತೆಂದು ಎಲ್ಲರೂ ಕೈಬಿಟ್ಟಿದ್ದೆವು. ಮೇ ಕೊನೆಯಲ್ಲಿ ಎರಡು ಅಡ್ಡ ಮಳೆ ಬಿದ್ದದ್ದೇ ತಡ, ಬುಡದ ಗಣ್ಣುಗಳಲ್ಲಿ ಹಸಿರು ಕಾಣಿಸಿತು. ಮಕ್ಕಳು ಶಾಲೆಗೆ ಮರಳಿದಾಗ ಬಳ್ಳಿ ಮೊಣಕಾಲೆತ್ತರ ಬಂದಿತ್ತು. ರಜೆಯ ದಿನಗಳನ್ನು ತಾನೇ ನಿಭಾಯಿಸುವ ಇಂಥ ಗಿಡ ಶಾಲೆಗೆ ಬೇಕು.

ಇನ್ನೊಂದು ಕಾರಣ ಪಾಠದ್ದು. ಬಟಾಣಿ ಹೂವಿನ ಚಿತ್ರವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ ನಾವು? ಪತಾಕೆ, ಎರಡು ರೆಕ್ಕೆ, ಒಳಗೊಂದು ದೋಣಿ. ಮಗು ಅದನ್ನು ನೋಡಿಕೊಂಡು ಬರೆಯುತ್ತದೆ, ಭಾಗಗಳನ್ನು ಗುರುತಿಸುತ್ತದೆ, ಅಂಕವನ್ನೂ ಪಡೆಯುತ್ತದೆ. ಹೂವನ್ನು ಮಾತ್ರ ಕಂಡಿರುವುದಿಲ್ಲ. ಬಟಾಣಿ ತಂಪು ಹವೆಯ ಬೆಳೆ, ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ. ಅಲಸಂದೆ, ಅವರೆಯ ಹೂ ತೋರಿಸಬಹುದಲ್ಲ ಎನ್ನುವಿರಿ. ತೋರಿಸಬಹುದು, ಖಂಡಿತ. ಆದರೆ ಅವರೆ ಹೂಬಿಡುವ ಕಾಲಕ್ಕೂ ಪಾಠ ಬರುವ ತಿಂಗಳಿಗೂ ತಾಳೆಯಾಗಬೇಕಲ್ಲ? ಶಂಖಪುಷ್ಪಕ್ಕೆ ಆ ಹಟವಿಲ್ಲ. ಬೇರಿನಲ್ಲಿ ಒಂದಿಷ್ಟು ತೇವವಿದ್ದರೆ ವರ್ಷದ ಬಹುಪಾಲು ತಿಂಗಳುಗಳಲ್ಲಿ ನಾಲ್ಕಾದರೂ ಹೂ ಸಿಗುತ್ತವೆ.

ಈಗ ಬೆಳೆಸುವ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬಹಳ ಮಂದಿ ಬೀಜದ ಹಂತದಲ್ಲೇ ಸೋತು ಬಿಡುತ್ತಾರೆ.

ಬೀಜ ಕೊಳ್ಳಬೇಡಿ. ಮಕ್ಕಳಿಗೆ ಹೇಳಿ, ಮನೆಗೊಂದು ಬೇಲಿ ಹುಡುಕಿ ತರುತ್ತಾರೆ. ಕಾಯಿ ಚಪ್ಪಟೆ, ಸಪೂರ, ಬೆರಳುದ್ದ. ಒಂದೊಂದರಲ್ಲಿ ಸಾಮಾನ್ಯವಾಗಿ ಆರರಿಂದ ಹತ್ತು ಬೀಜ. ಹಸಿರು ಹೋಗಿ ಕಂದು ಬಣ್ಣ ಬಂದು ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುವಾಗ ಕೀಳಬೇಕು. ಇನ್ನೆರಡು ದಿನ ಬಿಟ್ಟರೆ ಬಿಸಿಲಿಗೆ ಚಟ್ಟನೆ ಸಿಡಿದು, ಹೋಳೆರಡೂ ಸುರುಳಿ ಸುತ್ತಿಕೊಂಡು, ಬೀಜ ನೆಲದ ಪಾಲು. ಕಿತ್ತ ಕಾಯಿಗಳನ್ನು ಹಳೆಯ ಕಾಗದದ ಲಕೋಟೆಯಲ್ಲಿಟ್ಟರೆ ಸಿಡಿದರೂ ಒಳಗೇ ಸಿಡಿಯುತ್ತವೆ.

ಬೀಜದ ಸಿಪ್ಪೆ ಬಲು ಗಟ್ಟಿ. ನೀರನ್ನು ಒಳಕ್ಕೆ ಬಿಡುವುದೇ ಇಲ್ಲ. ಹಾಗೇ ಬಿತ್ತಿದರೆ ಕೆಲವು ಈ ಮಳೆಗೆ, ಕೆಲವು ಮುಂದಿನ ಮಳೆಗೆ, ಇನ್ನು ಕೆಲವು ಮುಂದಿನ ವರ್ಷಕ್ಕೆ ಮೊಳೆಯುತ್ತವೆ. ಬೇಲಿಯಲ್ಲಿ ತಾನಾಗಿ ಬದುಕುವ ಬಳ್ಳಿಗೆ ಇದು ಜಾಣತನ. ಒಂದು ಮಳೆ ಮೋಸ ಮಾಡಿದರೂ ಇಡೀ ಸಂತಾನ ಸಾಯುವುದಿಲ್ಲ. ನಮಗೆ ಅಷ್ಟು ಪುರುಸೊತ್ತಿಲ್ಲ. ಆದ್ದರಿಂದ ಬೀಜದ ಕಣ್ಣಿರುವ ಕಡೆ ಬಿಟ್ಟು ಅದರ ಎದುರು ಬದಿಯನ್ನು ಸ್ಯಾಂಡ್ ಪೇಪರಿನ ಮೇಲೋ ಒರಟು ಕಲ್ಲಿನ ಮೇಲೋ ಮೆಲ್ಲಗೆ ಉಜ್ಜಿ. ಕಪ್ಪು ಹೊಳಪು ಹೋಗಿ ಒಂದು ಚುಕ್ಕೆಯಷ್ಟು ಮಸುಕು ಬಣ್ಣ ಕಂಡರೆ ನಿಲ್ಲಿಸಿ. ಆಮೇಲೆ ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಉಬ್ಬಿ ದಪ್ಪಗಾದವನ್ನು ಬಿತ್ತಿ. ಉಬ್ಬದವನ್ನು ಮತ್ತೊಮ್ಮೆ ಉಜ್ಜಿ. ಮಕ್ಕಳಿಂದ ಅರ್ಧ ಬೀಜಗಳನ್ನು ಉಜ್ಜಿಸಿ, ಇನ್ನರ್ಧವನ್ನು ಹಾಗೇ ಬಿಟ್ಟು, ಎರಡನ್ನೂ ಬೇರೆ ಬೇರೆ ಹಾಲಿನ ಪ್ಯಾಕೆಟ್ಟುಗಳಲ್ಲಿ ಬಿತ್ತಿಸಿದರೆ ಪ್ರಯೋಗ ಎಂದರೇನು, ಹೋಲಿಕೆಗೆ ಇನ್ನೊಂದು ಗುಂಪು ಯಾಕೆ ಬೇಕು ಎನ್ನುವುದು ಆರನೇ ತರಗತಿಗೂ ತಿಳಿಯುತ್ತದೆ.

ಬಿತ್ತುವ ಆಳ ಒಂದರಿಂದ ಒಂದೂವರೆ ಸೆಂಟಿಮೀಟರ್. ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತದೆ. ತಾಯಿಬೇರು ಬೇಗ ಉದ್ದವಾಗುವುದರಿಂದ ಕಿತ್ತು ನೆಡುವುದಕ್ಕಿಂತ ಬೇಲಿಯ ಬುಡದಲ್ಲೇ, ಅಡಿಗೊಂದರಂತೆ, ನೇರ ಬಿತ್ತುವುದು ಮೇಲು. ಬಯಲುಸೀಮೆಯವರು ಮುಂಗಾರಿನ ಮೊದಲ ಹದಕ್ಕೆ ಬಿತ್ತಿ. ಮಲೆನಾಡು, ಕರಾವಳಿಯವರಿಗೆ ಆಷಾಢದ ಮಳೆಯಲ್ಲಿ ಎಳೆಗಿಡ ಕೊಳೆತು ಹೋಗುವ ಭಯವಿದೆ. ನೀವು ಮಳೆ ಇಳಿಮುಖವಾದ ಮೇಲೆ, ಮಣ್ಣು ಏರಿಸಿದ ಪಾತಿಯಲ್ಲಿ ಬಿತ್ತುವುದು ಕ್ಷೇಮ. ಮಣ್ಣು ಕೆಂಪೋ ಕಪ್ಪೋ, ಈ ಬಳ್ಳಿಗೆ ಅಂಥ ಭೇದವಿಲ್ಲ, ನೀರು ನಿಲ್ಲಬಾರದು ಅಷ್ಟೆ. ಬಿಸಿಲು ಮಾತ್ರ ಅರ್ಧ ದಿನವಾದರೂ ಬೇಕು. ನೆರಳಿನಲ್ಲಿ ಎಲೆ ಸೊಂಪಾಗಿ ಬಂದು ಹೂವಿಗೆ ಕೊರತೆಯಾಗುತ್ತದೆ. ಯೂರಿಯಾ ಬೇಡ, ಅದಕ್ಕೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳೇ ಗಾಳಿಯಿಂದ ಹಿಡಿದು ಕೊಡುತ್ತವೆ. ತಂತಿ ಬೇಲಿ ಇದ್ದರೆ ಸರಿ, ಇಲ್ಲದಿದ್ದರೆ ಎರಡು ಗೂಟ ನೆಟ್ಟು ಸುತಲಿ ಕಟ್ಟಿ. ಜೂನ್ ಮೊದಲ ವಾರ ಬಿತ್ತಿದ್ದು ಸ್ವಾತಂತ್ರ್ಯ ದಿನದ ಆಸುಪಾಸಿಗೆ ಹೂ ಬಿಡಲು ತೊಡಗುತ್ತದೆ.

ಮೇಕೆಗಳ ವಿಷಯ ಹೇಳದಿದ್ದರೆ ತಪ್ಪಾದೀತು. ಈ ಬಳ್ಳಿ ದನ, ಕುರಿ, ಮೇಕೆಗಳಿಗೆ ಪಂಚಪ್ರಾಣ. ಪ್ರೋಟೀನ್ ಹೆಚ್ಚಿರುವ ಒಳ್ಳೆಯ ಮೇವು ಎಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದನ್ನು ಹುಲ್ಲುಗಾವಲಿಗೇ ಬಿತ್ತುತ್ತಾರೆ. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯೂ ಇದನ್ನು ಮೇವಿನ ಬೆಳೆಯೆಂದೇ ಅಭ್ಯಾಸ ಮಾಡಿದೆ. ಆ ಸಂಸ್ಥೆಯ ದಕ್ಷಿಣದ ಕೇಂದ್ರ ನಮ್ಮ ಧಾರವಾಡದಲ್ಲಿದೆ. ಊರ ಮೇಕೆಗಳು ಸಂಶೋಧನೆಗೆ ಕಾಯುವುದಿಲ್ಲ. ಆದ್ದರಿಂದ ಬೇಲಿಯ ಒಳಬದಿಯಲ್ಲಿ ಬಿತ್ತಿ, ಮೊದಲೆರಡು ತಿಂಗಳು ಮುಳ್ಳು ಒತ್ತಿ. ಒಮ್ಮೆ ಬುಡ ಗಟ್ಟಿಯಾದ ಮೇಲೆ ತುದಿ ತಿಂದರೂ ಚಿಗುರುತ್ತದೆ. ವರ್ಷಕ್ಕೊಮ್ಮೆ ನೀವೇ ಎರಡಡಿ ಬಿಟ್ಟು ಕತ್ತರಿಸಬೇಕಾಗುತ್ತದೆ; ಆ ಸೊಪ್ಪನ್ನು ಮೇಕೆ ಸಾಕಿದ ಮಕ್ಕಳಿಗೇ ಕೊಟ್ಟುಬಿಡಿ, ಅವರ ಮನೆಯವರೂ ಬಳ್ಳಿಯ ಕಡೆಯವರಾಗುತ್ತಾರೆ.

ಹೂ ಬಂದ ಮೇಲೆ ಏನು ಕಲಿಸಬಹುದು ಎಂದು ನಿಮಗೆ ಹೇಳುವಷ್ಟು ದೊಡ್ಡವನಲ್ಲ. ನಾನು ಮಾಡಿ ನೋಡಿದ ಕೆಲವನ್ನು ಮಾತ್ರ ಮುಂದಿಡುತ್ತೇನೆ.

ಮೊದಲು ಹೂವನ್ನು ಕೀಳಿಸದೆ ಬಳ್ಳಿಯ ಮೇಲೇ ನೋಡಲು ಹೇಳಿ. ಬಟಾಣಿಯ ಚಿತ್ರದಲ್ಲಿ ಪತಾಕೆ ಮೇಲಿದೆ. ಇಲ್ಲಿ ಅದು ಕೆಳಗಿದೆ! ಇಡೀ ಹೂ ತಲೆಕೆಳಗಾಗಿ ಅರಳುತ್ತದೆ. ಯಾಕೆ ಎಂದು ನೀವು ಹೇಳಬೇಡಿ, ಬೆಳಗಿನ ಹೊತ್ತು ಬೇಲಿಯ ಪಕ್ಕ ಮಕ್ಕಳನ್ನು ಸದ್ದಿಲ್ಲದೆ ನಿಲ್ಲಿಸಿ. ದುಂಬಿ ಬಂದು ಅಗಲವಾದ ಆ ನೀಲಿ ದಳದ ಮೇಲೆ ಇಳಿದು, ನಡುವಿನ ಬಿಳಿ-ಹಳದಿ ಮಚ್ಚೆಯ ಕಡೆ ತಲೆ ತೂರಿಸುತ್ತದೆ. ಆಗ ಮೇಲಿನಿಂದ ಬಾಗಿರುವ ಕೇಸರಗಳು ಅದರ ಬೆನ್ನಿಗೆ ಪರಾಗ ಸವರುತ್ತವೆ. ಕಣ್ಣು ಚುರುಕಾಗಿರುವ ಹುಡುಗಿಯೊಬ್ಬಳು ದುಂಬಿಯ ಬೆನ್ನಿನ ಮೇಲೆ ಪುಡಿ ಕಂಡಳೆಂದರೆ ಅವತ್ತಿನ ಪಾಠ ಮುಗಿದಂತೆ. ಆಮೇಲೆ ಹೂವನ್ನು ಬಿಡಿಸಿ, ಕೇಸರ ಎಣಿಸಿ: ಒಂಬತ್ತು ಒಟ್ಟಿಗೆ ಕೂಡಿಕೊಂಡಿರುತ್ತವೆ, ಹತ್ತನೆಯದು ಬಿಡಿ. ನರ್ಸರಿಯವರು ಕೊಡುವ ಸುತ್ತುದಳದ ಶಂಖಪುಷ್ಪ ನೋಡಲು ಚೆಂದ, ಆದರೆ ಅದರಲ್ಲಿ ರೆಕ್ಕೆ, ಪತಾಕೆಗಳ ವ್ಯತ್ಯಾಸವೇ ಕಳೆದು ಹೋಗಿರುತ್ತದೆ. ಶಾಲೆಗೆ ಬೇಲಿಯ ಒಂಟಿ ಹೂವೇ ಬೇಕು.

ಹೈಸ್ಕೂಲಿನವರಿಗೆ ಮೆಂಡೆಲ್ ಇದ್ದಾನೆ. 1856ರಿಂದ 1863ರವರೆಗೆ ಬ್ರನೊ ಮಠದ ತೋಟದಲ್ಲಿ ಅವನು ಬಟಾಣಿಯನ್ನೇ ಬೆಳೆದದ್ದಕ್ಕೆ ಒಂದು ಕಾರಣ, ಬಟಾಣಿ ಹೂ ಅರಳುವ ಮುಂಚೆಯೇ ತನ್ನ ಪರಾಗದಿಂದಲೇ ಫಲ ಕಟ್ಟುತ್ತದೆ. ಶಂಖಪುಷ್ಪವೂ ಬಹುಪಾಲು ಹಾಗೆಯೇ. ನಾಳೆ ಅರಳಲಿರುವ ಮೊಗ್ಗುಗಳಿಗೆ ತೆಳುಬಟ್ಟೆಯ ಪುಟ್ಟ ಚೀಲ ಕಟ್ಟಿ, ದುಂಬಿಗೆ ಪ್ರವೇಶವಿಲ್ಲದಂತೆ ಮಾಡಿ. ಆದರೂ ಕಾಯಿ ಕಟ್ಟುವುದನ್ನು ಮಕ್ಕಳು ಕಾಣುತ್ತಾರೆ. ಹಾಗಾದರೆ ಇಷ್ಟೊಂದು ಬಣ್ಣ, ದುಂಬಿಗೆ ಇಷ್ಟೊಂದು ಉಪಚಾರ ಯಾಕೆ ಎಂದು ಹಿಂದಿನ ಬೆಂಚಿನವನು ಕೇಳಿಯೇ ಕೇಳುತ್ತಾನೆ. ಕೇಳಲಿ ಬಿಡಿ. ಆ ಪ್ರಶ್ನೆಗೆ ಒಂದು ಪೀರಿಯಡ್ ಕೊಟ್ಟರೆ ನಷ್ಟವಿಲ್ಲ.

ಆಮ್ಲ-ಪ್ರತ್ಯಾಮ್ಲದ ಪಾಠದಲ್ಲಂತೂ ಈ ಹೂವಿಗೆ ಸಾಟಿಯಿಲ್ಲ. ಹತ್ತು ಹೂಗಳನ್ನು ಒಂದು ಲೋಟ ಬಿಸಿನೀರಿಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಇಂಕಿನಂಥ ನೀಲಿ ಇಳಿಯುತ್ತದೆ. ಅದನ್ನು ನಾಲ್ಕು ಲೋಟಕ್ಕೆ ಹಂಚಿ. ಒಂದಕ್ಕೆ ನಿಂಬೆರಸ ಹಿಂಡಿದರೆ ನೇರಳೆಯಾಗಿ, ಇನ್ನೂ ಹಿಂಡಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಡುಗೆ ಸೋಡಾ ಬೆರೆಸಿದ್ದು ಹಸಿರು ಮಿಶ್ರಿತ ನೀಲಿ. ಸುಣ್ಣದ ತಿಳಿಗೆ ಹಸಿರು. ಹಾಗೇ ಬಿಟ್ಟರೆ ನಿಧಾನಕ್ಕೆ ಹಳದಿಗೆ ಇಳಿಯುತ್ತದೆ. ನಾಲ್ಕನೆಯದು ಹೋಲಿಸಲು ಹಾಗೇ ಇರಲಿ. ಪಾಠದಲ್ಲಿ ಹೇಳುವ ಅರಿಶಿನ ಪ್ರತ್ಯಾಮ್ಲಕ್ಕೆ ಮಾತ್ರ ಕೆಂಪಾಗುತ್ತದೆ, ನಿಂಬೆರಸಕ್ಕೆ ಅದು ಜಪ್ಪಯ್ಯ ಅನ್ನುವುದಿಲ್ಲ. ಲಿಟ್ಮಸ್ಸನ್ನು ಪೇಟೆಯಿಂದ ತರಿಸಬೇಕು, ತರಿಸುವಷ್ಟರಲ್ಲಿ ಪಾಠ ದಾಟಿ ಹೋಗಿರುತ್ತದೆ. ಸೋಸುಕಾಗದವನ್ನು ಈ ನೀಲಿಯಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ ಪಟ್ಟಿ ಕತ್ತರಿಸಿಕೊಂಡರೆ ಮಕ್ಕಳು ಮನೆಯ ಮಜ್ಜಿಗೆ, ಸಾಬೂನಿನ ನೀರು, ಹುಣಸೆಹುಳಿ ಎಲ್ಲವನ್ನೂ ಪರೀಕ್ಷಿಸಿ ಬಂದು ನಿಮಗೇ ಹೇಳುತ್ತಾರೆ. ಥಾಯ್ಲೆಂಡಿನವರು ಈ ನೀಲಿಯನ್ನು ಶರಬತ್ತು ಮಾಡಿ ಕುಡಿಯುತ್ತಾರೆ, ಮಲೇಷ್ಯದ ಕೆಲಾಂಟಾನಿನಲ್ಲಿ ಅನ್ನಕ್ಕೆ ಬಣ್ಣ ಕಟ್ಟುತ್ತಾರೆ. 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಹೂವಿನ ಸಾರವನ್ನು ಆಹಾರದ ಬಣ್ಣವಾಗಿ ಬಳಸಲು ಒಪ್ಪಿಗೆ ಕೊಟ್ಟಿತು. ನಮ್ಮ ಪೇಟೆಗಳಲ್ಲೂ ಈಗ ‘ನೀಲಿ ಟೀ’ ಎಂದು ಅಂದವಾದ ಡಬ್ಬಿಯಲ್ಲಿ, ಅದಕ್ಕಿಂತ ಅಂದವಾದ ಬೆಲೆಗೆ ಮಾರುತ್ತಾರೆ. ಬೇಲಿಯಲ್ಲಿದ್ದಾಗ ಕಳೆ, ಡಬ್ಬಿಗೆ ಹೋದರೆ ಆರೋಗ್ಯ!

ಬೇರಿನ ಗಂಟುಗಳನ್ನು ನೋಡಲು ಬೇಲಿಯ ಬಳ್ಳಿಯನ್ನು ಅಗೆಯಬೇಡಿ. ಅದಕ್ಕೆಂದೇ ಒಂದೆರಡು ಗಿಡಗಳನ್ನು ಪ್ಯಾಕೆಟ್ಟಿನಲ್ಲಿ ಬಿತ್ತಿಟ್ಟುಕೊಳ್ಳಿ. ಎರಡು ತಿಂಗಳ ಗಿಡವನ್ನು ಮಣ್ಣು ಸಮೇತ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಎಳೆಯದೆ, ಮಣ್ಣು ತಾನಾಗಿ ಬಿಡುವವರೆಗೆ ಅಲ್ಲಾಡಿಸಿ. ಸಾಸಿವೆ, ಜೋಳದ ಕಾಳಿನ ಗಾತ್ರದ ಗಂಟುಗಳು ಕಾಣಿಸುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ ಒಳಗಿನ ಬ್ಯಾಕ್ಟೀರಿಯಾಗಳು ಕೆಲಸದಲ್ಲಿವೆ ಎಂದರ್ಥ. ನಮ್ಮ ನೆತ್ತರಿನ ಹಿಮೋಗ್ಲೋಬಿನ್ನಿನ ಸಂಬಂಧಿಯೊಂದು ಅಲ್ಲಿ ಆಮ್ಲಜನಕವನ್ನು ಹಿಡಿದಿಟ್ಟಿರುತ್ತದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಆ ಗಂಟಿನಲ್ಲಿ ಕೆಲಸ ನಡೆಯುತ್ತಿಲ್ಲ. ಶೇಂಗಾ, ಕಡಲೆ ಹೊಲಕ್ಕೆ ಯಾಕೆ ಒಳ್ಳೆಯದೆಂದು ಅಪ್ಪ ಹೇಳುತ್ತಿದ್ದದ್ದು ರೈತರ ಮಕ್ಕಳಿಗೆ ಆಗ ಥಟ್ಟನೆ ಹೊಳೆಯುತ್ತದೆ.

ಒಂದು ಎಚ್ಚರಿಕೆಯನ್ನು ಕಟ್ಟುನಿಟ್ಟಾಗಿಯೇ ಹೇಳಬೇಕು. ಇದರ ಬೇರು ಮತ್ತು ಬೀಜ ಭೇದಿ ಮಾಡಿಸುವಂಥವು. ಮಕ್ಕಳು ಬೀಜ ಬಾಯಿಗೆ ಹಾಕಬಾರದು. ಪ್ರಯೋಗದ ಲೋಟ ಕುಡಿಯುವ ಲೋಟವಾಗಬಾರದು. ‘ಶಂಖಪುಷ್ಪಿ’ ಎಂದು ನೆನಪಿನ ಶಕ್ತಿಗೆ ಮಾರುವ ಔಷಧಗಳಲ್ಲಿ ಹಲವಕ್ಕೆ ಬಳಸುವುದು ನೆಲದ ಮೇಲೆ ಹರಡುವ ಬೇರೆಯೇ ಗಿಡ. ಪರೀಕ್ಷೆಯ ಹಿಂದಿನ ರಾತ್ರಿ ಯಾರಾದರೂ ಅಕ್ಕರೆಯ ತಾಯಿ ಶಾಲೆಯ ಬಳ್ಳಿಯ ಬೇರು ಅರೆದು ಮಗುವಿಗೆ ಕುಡಿಸಿಬಿಟ್ಟಾರು. ಪಾಲಕರ ಸಭೆಯಲ್ಲಿ ಈ ಮಾತನ್ನು ಮೊದಲೇ ಹೇಳಿಬಿಡಿ.

ಇನ್ನು ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿ ಸದಸ್ಯರಿಗೂ ನಿಮ್ಮ ಮೂಲಕ ಒಂದು ಬಿನ್ನಹ. ಶಾಲೆಗೆ ಹಿರಿಯ ಅಧಿಕಾರಿಗಳು ಬರುತ್ತಾರೆಂದರೆ ನಮ್ಮಲ್ಲಿ ಮೊದಲು ಕೈ ಹೋಗುವುದು ಕುಡುಗೋಲಿಗೆ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಮಕ್ಕಳು ಮೂರು ವರ್ಷ ಸಾಕಿದ ಬಳ್ಳಿಯನ್ನು ತಪಾಸಣೆಯ ಹಿಂದಿನ ಸಂಜೆ ‘ಗಿಡಗಂಟಿ’ ಎಂದು ಬುಡಸಹಿತ ಕಿತ್ತು ಸುಟ್ಟರು. ಮರುದಿನ ಬಂದವರು ಬೇಲಿಯ ಕಡೆ ತಿರುಗಿಯೂ ನೋಡಲಿಲ್ಲವಂತೆ. ದಯವಿಟ್ಟು ಬಳ್ಳಿಯ ಪಕ್ಕ ಒಂದು ಫಲಕ ಹಾಕಿಸಿ: ಹೆಸರು, ಬಿತ್ತಿದ ವರ್ಷ, ಯಾವ ತರಗತಿಯ ಮಕ್ಕಳು. ಫಲಕವಿರುವ ಗಿಡವನ್ನು ಕಡಿಯಲು ನಮ್ಮ ಜನ ಸ್ವಲ್ಪ ಅನುಮಾನಿಸುತ್ತಾರೆ.

ಊರ ಬೇಲಿಗಳ ಕಡೆಗೂ ನಿಮ್ಮ ಕಣ್ಣಿರಲಿ. ಕಳ್ಳಿ, ಭೂತಾಳೆಯ ಹಸಿರು ಬೇಲಿಗಳು ಹೋಗಿ ಕಲ್ಲುಕಂಬ, ಮುಳ್ಳುತಂತಿ ಬರುತ್ತಿವೆ. ಬೇಸಾಯಗಾರನ ಕಷ್ಟ ಅವನಿಗೆ, ತಪ್ಪು ಎನ್ನಲಾರೆ. ಆದರೆ ಹಳೆಯ ಬೇಲಿ ಕಿತ್ತ ದಿನ ಅದರ ಜೊತೆ ಶಂಖಪುಷ್ಪವೂ ಗುಲಗಂಜಿಯೂ ಹೋಗುತ್ತವೆ. ಯಾರ ಹೊಲದ ಬೇಲಿ ಈ ವರ್ಷ ಬದಲಾಗುತ್ತದೆ ಎನ್ನುವುದು ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಅಲ್ಲಿಂದ ಬೀಜ ಎತ್ತಿಕೊಂಡು ಬರುವ ಕೆಲಸ ಅವರಿಗೆ ಒಪ್ಪಿಸಿ.

ಕೊನೆಯದಾಗಿ, ಸುಲಭದ ಒಂದು ಏರ್ಪಾಡು. ಜನವರಿ, ಫೆಬ್ರುವರಿಯ ಒಣ ಹವೆಯಲ್ಲಿ ಬೀಜ ಕೂಡಿಸುವುದು ಸಲೀಸು. ಆ ಹೊತ್ತಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ಬರುವಾಗ ಬಳ್ಳಿ ಇರುವ ಶಾಲೆಯವರು ಬೀಜದ ಪುಟ್ಟ ಲಕೋಟೆಗಳನ್ನು ತನ್ನಿ. ಮೇಲೆ ಹೂವಿನ ಬಣ್ಣ, ಊರು, ಕಿತ್ತ ತಿಂಗಳು ಬರೆದಿರಲಿ. ನೀಲಿಯವರು ಬಿಳಿ ಪಡೆಯಲಿ, ಬಿಳಿಯವರು ನೀಲಿ ಪಡೆಯಲಿ, ಇಲ್ಲದವರು ಎರಡನ್ನೂ ಒಯ್ಯಲಿ. ಚಹಾ ಬರುವಷ್ಟರಲ್ಲಿ ಮುಗಿಯುವ ಕೆಲಸ. ಉಜ್ಜಿ ಬಿತ್ತಬೇಕು ಎಂಬುದನ್ನು ಮಾತ್ರ ಲಕೋಟೆಯ ಹಿಂಬದಿಯಲ್ಲಿ ಬರೆಯಲು ಮರೆಯಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ
ಹಾವೇರಿ ಜಿಲ್ಲೆ